ಸದ್ದಿಗೆ ಕೋಡ್ ಇರಲಿಲ್ಲ

ಹೊಸೂರಿನ ಫ್ಯಾಕ್ಟರಿಗಳಲ್ಲಿ ಕಂಪ್ಯೂಟರ್ ಸಿಸ್ಟಮ್ ಕೂರಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಒಬ್ಬಿಬ್ಬರು ಈಗಲೂ ಮತ್ತಿಗಿರಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. "ಜನ ಒಪ್ಪಲ್ಲ ಸಾರ್, ನೀವು ಹೆಂಗೆ ಒಪ್ಪಿಸಿದ್ರಿ?" ಎಂದು ಕೇಳುತ್ತಾರೆ. ನಾನು ಕಾಫಿ ಕೊಟ್ಟು, ಬೋಲ್ಟಿನ ಒಂದು ತಮಾಷೆ ಹೇಳಿ ಕಳಿಸಿಬಿಡುತ್ತೇನೆ. ಅವರು ನಗುತ್ತಾ ಹೋಗುತ್ತಾರೆ. ಹೇಳಬೇಕಾಗಿದ್ದದ್ದು ಬೇರೆ. ನಾನು ಒಪ್ಪಿಸಿದ ಆ ಸಿಸ್ಟಮ್‌ನಿಂದ ಮಂಜುಳಾ ಎಂಬ ಹೆಣ್ಣುಮಗಳ ಕೆಲಸ ಹೋಯಿತು, ಹೆಸರೂ ಕೆಟ್ಟಿತು. ಸಿಸ್ಟಮ್‌ನಿಂದ ಎನ್ನುವುದೂ ಸುಳ್ಳೇ. ನನ್ನಿಂದ ಹೋಯಿತು. ಎದುರಿಗೆ ಕೂತವರಿಗೆ ಇದನ್ನು ಹೇಳಲು ನಾಲಗೆ ಏಳುವುದಿಲ್ಲ, ಅದಕ್ಕೆ ಬರೆಯಲು ಕೂತಿದ್ದೇನೆ.

ನಮ್ಮೂರು ಗಡಿ ಸೀಮೆಯ ಬೇರಿಕೆಯಿಂದ ಆಚೆ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಡಿಪ್ಲೊಮಾ ಮುಗಿಸಿ ಹೊಸೂರಿನ ಒಂದು ಎರಕದ ಫ್ಯಾಕ್ಟರಿಗೆ ಸ್ಟೋರ್ಸ್ ಗುಮಾಸ್ತನಾಗಿ ಸೇರಿದೆ. ಲಾರಿಗಳ ಬ್ರೇಕಿಗೆ ಬೇಕಾದ ಬ್ರಾಕೆಟ್ಟುಗಳನ್ನು ಎರಕ ಹೊಯ್ದು ಕೊಡುವುದು ನಮ್ಮ ಕೆಲಸ. ಆಳಿಗೊಂದು ಭಾಷೆ ಮಾತಾಡುವ ಆ ಜಾಗದಲ್ಲಿ ನನಗೆ ಮೂರು ಭಾಷೆ ಬರುತ್ತಿತ್ತು, ಟೈಪಿಂಗೂ ಬರುತ್ತಿತ್ತು. ಇಷ್ಟೇ ಯೋಗ್ಯತೆಯ ಮೇಲೆ, ಮೂವತ್ತು ವರ್ಷ ಕಳೆದು ಕಂಪನಿ ದೊಡ್ಡ ಸಿಸ್ಟಮ್ ತರಿಸಿದಾಗ, ಅದನ್ನು ನೆಲೆಗೊಳಿಸುವ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ನನಗೆ ಹೆಮ್ಮೆಯಾಯಿತು. ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡೇ ಮನೆಗೆ ಬರುತ್ತಿದ್ದೆ.

ಮೊದಲು ಆ ತಮಾಷೆಯನ್ನೇ ಹೇಳಿಬಿಡುತ್ತೇನೆ. ಸ್ಟೋರ್ಸಿನಲ್ಲಿದ್ದ ಸಾಮಾನುಗಳನ್ನೆಲ್ಲ ಸಿಸ್ಟಮ್‌ಗೆ ಏರಿಸಬೇಕಿತ್ತು. ಒಂದೇ ಬೋಲ್ಟನ್ನು ಬೆಳಗಿನ ಪಾಳಿಯವರು ಅಳತೆ ಬರೆದು ಏರಿಸಿದರು, ಮಧ್ಯಾಹ್ನದವರು ಅದು ಕೂರುವ ಮಷೀನಿನ ಹೆಸರಲ್ಲಿ ಏರಿಸಿದರು, ಇನ್ನೊಬ್ಬ ಪುಣ್ಯಾತ್ಮ ಸಪ್ಲೈ ಮಾಡುವ ಅಂಗಡಿಯ ಹೆಸರಲ್ಲಿ ಏರಿಸಿದ. ಒಂದು ಬೋಲ್ಟು ಮೂರಾಯಿತು. ಎರಡು ಕಡೆ ಸ್ಟಾಕ್ ಸೊನ್ನೆ ತೋರಿಸುತ್ತಿತ್ತು. ಖರೀದಿ ವಿಭಾಗದವರು ಪರದೆ ನೋಡಿ ತರಿಸಿದರು, ಮತ್ತೆ ತರಿಸಿದರು. ಕೊನೆಗೆ ಬೋಲ್ಟಿನ ಪೆಟ್ಟಿಗೆ ಇಡಲು ಜಾಗವಿಲ್ಲದೆ ಸೈಕಲ್ ಸ್ಟ್ಯಾಂಡ್ ತುಂಬಿ, ನಾವು ಸೈಕಲ್ಲುಗಳನ್ನು ಬೇವಿನ ಮರಕ್ಕೆ ಒರಗಿಸಬೇಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗೆ. ಎಲ್ಲರೂ ನಕ್ಕೆವು. ಅದರಿಂದ ಕಲಿಯಬೇಕಾಗಿದ್ದದ್ದು, ಪರದೆ ಹೇಳಿದ್ದನ್ನು ಒಮ್ಮೆ ಎದ್ದುಹೋಗಿ ನೋಡಿ ಬರಬೇಕು ಎಂಬುದನ್ನು. ನಾನು ಕಲಿತದ್ದು, ಜನರಿಗೆ ಎರಡು ದಾರಿ ಬಿಡಬಾರದು, ಒಂದನ್ನು ಮುಚ್ಚಿದರೆ ತಾವಾಗಿಯೇ ಇನ್ನೊಂದಕ್ಕೆ ಬರುತ್ತಾರೆ ಎಂದು.

ನಮ್ಮ ಫ್ಯಾಕ್ಟರಿ ಮ್ಯಾನೇಜರ್ ರಾಘವನ್ ಎಂಬವರು. ಕೆಟ್ಟವರಲ್ಲ, ಅವಸರದ ಮನುಷ್ಯ. ಬೆಳಿಗ್ಗೆಯ ಮೀಟಿಂಗಿನಲ್ಲಿ ಯಾರು ಏನೇ ಹೇಳಲಿ, ಕೈ ಎತ್ತಿ ತಡೆದು, "ಸಿಸ್ಟಮ್ ಎನ್ನ ಸೊಲ್ಲುದು?" ಎನ್ನುತ್ತಿದ್ದರು. ಸಿಸ್ಟಮ್ ಏನು ಹೇಳುತ್ತೆ, ಅಷ್ಟು ಹೇಳಿ ಸಾಕು ಎಂದರ್ಥ. ಗೋಡೆಗೆ ಒಂದು ಚಾರ್ಟ್ ಹಾಕಿಸಿದ್ದರು. ಯಾವ ವಿಭಾಗದ ಎಂಟ್ರಿ ಎಷ್ಟಾಗಿದೆ ಎಂದು ದಿನವೂ ಬಣ್ಣ ಬಳಿಯುತ್ತಿದ್ದರು. ಎಂಟ್ರಿ ಪೂರ್ತಿಯಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಬಂದ ದಿನ ನನಗೆ ಊಟ ಇಳಿಯುತ್ತಿರಲಿಲ್ಲ. ಎಂಟ್ರಿ ಹಸಿರಾಗಿದೆಯೇ ಎಂದು ಕೇಳುತ್ತಿದ್ದರೇ ಹೊರತು ಎಂಟ್ರಿ ನಿಜವೇ ಎಂದು ಯಾರೂ ಕೇಳುತ್ತಿರಲಿಲ್ಲ, ನಾನಂತೂ ಕೇಳಲೇ ಇಲ್ಲ.

ಎಲ್ಲ ವಿಭಾಗವೂ ಹಸಿರಾದರೂ ಇನ್‌ಸ್ಪೆಕ್ಷನ್ ಮಾತ್ರ ಕೆಂಪಾಗಿಯೇ ಇತ್ತು. ಅಲ್ಲಿದ್ದವನು ಗೋವಿಂದಪ್ಪ. ನನಗಿಂತ ಒಂದೆರಡು ವರ್ಷ ಹಿರಿಯ, ನಮ್ಮ ಕಡೆಯವನೇ. ಎರಕದ ಬ್ರಾಕೆಟ್ಟನ್ನು ಕೊಕ್ಕೆಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಿದ್ದ. ಸಂತೆಯಲ್ಲಿ ಹೆಂಗಸರು ಮಡಕೆ ಬಡಿದು ಕೊಳ್ಳುವುದಿಲ್ಲವೇ, ಹಾಗೆ. ಗಟ್ಟಿ ಮಾಲು ಗಣಗಣ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಸತ್ತುಹೋಗುತ್ತದೆ. ಅಳತೆಗೆ ಸಿಗದ, ಕಣ್ಣಿಗೆ ಕಾಣದ ಬಿರುಕುಗಳನ್ನು ಅವನು ಹೀಗೆ ಹಿಡಿಯುತ್ತಿದ್ದ. ಹಿಡಿದದ್ದನ್ನು ಉದ್ದನೆಯ ಒಂದು ಪುಸ್ತಕದಲ್ಲಿ ತನ್ನ ದುಂಡು ಕನ್ನಡದಲ್ಲಿ ಬರೆಯುತ್ತಿದ್ದ. ಬ್ರಾಕೆಟ್ ಇಷ್ಟು. ಒಡಕು ಸದ್ದು. ಪಕ್ಕಕ್ಕೆ ಇಟ್ಟಿದೆ. ಕೆಳಗೆ ಸಹಿ.

ನಾನು ಅವನಿಗೆ ಲಾಗಿನ್ ಮಾಡಿಕೊಟ್ಟೆ, ಮೂರು ದಿನ ಪಕ್ಕದಲ್ಲಿ ಕೂತು ಕಲಿಸಿದೆ. ಪರದೆಯೆಲ್ಲ ಇಂಗ್ಲಿಷ್. ಗ್ರೀಸ್ ಮೆತ್ತಿದ ಬೆರಳು ಒಂದು ಒತ್ತಿದರೆ ಎರಡು ಬೀಳುತ್ತಿತ್ತು.

"ಇದು ನನ್ ಕೈಗ್ ಒಗ್ಗಲ್ಲ ಕಣ್ಲಾ. ಕಿವಿ ಕೆಲ್ಸ ಮಾಡೋನ್ಗೆ ಕಣ್ ಕೆಲ್ಸ ಕೊಟ್ರೆ ಎರಡೂ ಕೆಟ್ಟೋಗ್ತವೆ," ಎಂದ.

"ಪುಸ್ತಕದಲ್ಲಿ ಯಾರು ಬೇಕಾದ್ರೂ ಏನ್ ಬೇಕಾದ್ರೂ ಬರೀಬೋದು ಗೋವಿಂದಣ್ಣ. ಇದ್ರಲ್ಲಾದ್ರೆ ಯಾರು ಮಾಡಿದ್ರು ಅಂತ ಸಾಕ್ಷಿ ಇರ್ತೈತೆ," ಎಂದೆ.

ಆ ಮಾತು ಆಡಿದ ನಾಲಗೆಗೆ ಆಮೇಲೆ ಬೇಕಾದಷ್ಟು ಶಿಕ್ಷೆಯಾಗಿದೆ.

ಅದೇ ಹೊತ್ತಿಗೆ ಆ ವಿಭಾಗಕ್ಕೆ ಮಂಜುಳಾ ಬಂದಳು. ಕನಕಪುರದ ಕಡೆಯವಳು, ಗಂಡನ ಜೊತೆ ಅವಲಪಲ್ಲಿಯಲ್ಲಿ ಬಾಡಿಗೆಗಿದ್ದಳು. ಕಾಂಟ್ರ್ಯಾಕ್ಟ್ ಮೇಲೆ ಸೇರಿದ್ದಳು. ಒಂದು ವರ್ಷ ಚೆನ್ನಾಗಿ ಮಾಡಿದರೆ ಪರ್ಮನೆಂಟ್ ಮಾಡುತ್ತೇವೆ ಎಂದು ರಾಘವನ್ ಅವರೇ ಹೇಳಿದ್ದರು, ಅವಳು ಆ ಒಂದು ಮಾತು ಹಿಡಿದುಕೊಂಡು ದುಡಿಯುತ್ತಿದ್ದಳು. ಪಿಯುಸಿ ಓದಿದ್ದಳು, ಬೆರಳು ಚುರುಕು. ಗೋವಿಂದಪ್ಪ ಸುತ್ತಿಗೆ ಹಿಡಿದು ಕನ್ನಡದಲ್ಲಿ ಕೂಗುತ್ತಿದ್ದ, ಅಳತೆ ನೋಡುವವರು ತಮಿಳಿನಲ್ಲಿ ಹೇಳುತ್ತಿದ್ದರು, ತೂತು ಪರೀಕ್ಷಿಸುವವನು ತೆಲುಗಿನಲ್ಲಿ. ಎಲ್ಲವನ್ನೂ ಇವಳು ಒಂದೇ ಕಂಪ್ಯೂಟರಿನಲ್ಲಿ ತನ್ನ ಲಾಗಿನ್‌ನಿಂದಲೇ ಹಾಕುತ್ತಿದ್ದಳು. ಅವಳು ಊಟಕ್ಕೆ ಹೋದರೆ ಬೇರೆಯವರು ಅವಳ ಲಾಗಿನ್‌ನಲ್ಲೇ ಹಾಕುತ್ತಿದ್ದರು. ಪಾಸ್‌ವರ್ಡನ್ನು ಸೀಮೆಸುಣ್ಣದಲ್ಲಿ ಕಂಬದ ಮೇಲೆ ಬರೆದಿದ್ದರು. ನಾನು ನೋಡಿದ್ದೇನೆ, ನೋಡಿಯೂ ಸುಮ್ಮನಿದ್ದೆ. ಯಾಕೆಂದರೆ ಇನ್‌ಸ್ಪೆಕ್ಷನ್ ಹಸಿರಾಗಿತ್ತು.

ಹಸಿರಾದ ಖುಷಿಯಲ್ಲಿ ಇನ್ನೊಂದು ಕೆಲಸ ಮಾಡಿದೆ. ಗೋವಿಂದಪ್ಪನ ಪುಸ್ತಕಗಳನ್ನೆಲ್ಲ, ಹಳೆಯವು, ಅರ್ಧ ಬರೆದದ್ದು, ಎಲ್ಲವನ್ನೂ ಗಾಡಿಗೆ ಹಾಕಿಸಿ ಗುಜರಿಗೆ ಕಳಿಸಿದೆ. ಚೆನ್ನೈನಿಂದ ಬಂದಿದ್ದ ಕನ್ಸಲ್ಟೆಂಟ್ ನನ್ನ ಬೆನ್ನು ತಟ್ಟಿದರು. ಗೋವಿಂದಪ್ಪ ಗಾಡಿ ಗೇಟು ದಾಟುವ ತನಕ ನೋಡಿ, ಸುತ್ತಿಗೆ ತೆಗೆದುಕೊಂಡು ಒಳಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಈಗ ಸದ್ದಿನ ವಿಷಯ. ಸಿಸ್ಟಮ್‌ನಲ್ಲಿ ಒಂದು ಮಾಲನ್ನು ತಿರಸ್ಕರಿಸಬೇಕಾದರೆ ಕಾರಣದ ಕೋಡ್ ಹಾಕಬೇಕು. ಅಳತೆ ತಪ್ಪು, ತೂತು ಓರೆ, ಮೈ ಮೇಲೆ ಗುಳಿ, ತುಕ್ಕು, ಹೀಗೆ ಒಂದು ಪಟ್ಟಿ. ಆ ಪಟ್ಟಿಯನ್ನು ಕನ್ಸಲ್ಟೆಂಟ್ ಜೊತೆ ಏಸಿ ರೂಮಿನಲ್ಲಿ ಕೂತು ಮಾಡಿದವನು ನಾನು. ಗೋವಿಂದಪ್ಪ ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿ ಟಣ್ ಟಣ್ ಎಂದು ಬಡಿಯುತ್ತಿದ್ದ, ಆ ಸದ್ದು ರೂಮಿನೊಳಕ್ಕೂ ಕೇಳುತ್ತಿತ್ತು. ಅವನನ್ನು ಕರೆದು ಕೇಳಬೇಕೆಂದು ನನಗೆ ತೋಚಲಿಲ್ಲ. ಪಟ್ಟಿಯಲ್ಲಿ ಸದ್ದು ಇರಲಿಲ್ಲ.

ಎರಡನೇ ವಾರಕ್ಕೇ ಮಂಜುಳಾ ನನ್ನ ಹತ್ತಿರ ಬಂದಳು.

"ಸಾರ್, ಗೋವಿಂದಪ್ಪನೋರು ಒಡಕು ಸದ್ದು ಅಂತಾರೆ. ಅದ್ಕೆ ಕೋಡ್ ಇಲ್ಲ. ಕೋಡ್ ಹಾಕ್ದೆ ರಿಜೆಕ್ಟ್ ಮಾಡಿದ್ರೆ ಪರದೆ ಮುಂದುಕ್ಕೇ ಹೋಗಲ್ಲ. ಏನ್ ಮಾಡ್ಲಿ?"

ಹೊಸ ಕೋಡ್ ಬೇಕಾದರೆ ಚೆನ್ನೈ ಹೆಡ್ ಆಫೀಸಿಗೆ ಅರ್ಜಿ ಹಾಕಬೇಕು. ಗೋವಿಂದಪ್ಪನಿಗೆ ಕಲಿಸುವಾಗಲೇ ಅವನು ಕೇಳಿದ್ದರಿಂದ ಹಾಕಿದ್ದೆ. ಸದ್ದನ್ನು ಅಳೆಯುವ ಉಪಕರಣ ಯಾವುದು, ಅದರ ಸರ್ಟಿಫಿಕೇಟ್ ಎಲ್ಲಿ ಎಂದು ಅಲ್ಲಿಂದ ತಿರುಗಿ ಪ್ರಶ್ನೆ ಬಂದಿತ್ತು. ಗೋವಿಂದಪ್ಪನ ಕಿವಿಗೆ ಎಲ್ಲಿಂದ ಸರ್ಟಿಫಿಕೇಟ್ ತರಲಿ? ಅರ್ಜಿ ಹಾಗೇ ಬಿದ್ದಿತ್ತು. ಎಂಟ್ರಿ ನಿಂತರೆ ಚಾರ್ಟ್ ಕೆಂಪಾಗುತ್ತದೆ.

"ಸದ್ಯಕ್ಕೆ ಓಕೆ ಹಾಕ್ಬಿಡಮ್ಮ. ಮಾಲಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಗುರುತು ಮಾಡಿ ಬೇರೆ ಟ್ರಾಲಿಲಿ ಇಡ್ಸು. ಕೋಡ್ ಬಂದ ಮೇಲೆ ಸರಿ ಮಾಡಾಣ," ಎಂದೆ.

ಅವಳು ಬಾಗಿಲ ತನಕ ಹೋಗಿ ತಿರುಗಿದಳು. "ಸಾರ್, ಓಕೆ ಅಲ್ದೇ ಇರೋದನ್ನ ಓಕೆ ಅಂತ ಹಾಕ್ಬೋದಾ?"

"ನಾನ್ ಹೇಳ್ತಿದೀನಲ್ಲ, ಹಾಕು."

ನನಗೆ ಸೀಮೆಸುಣ್ಣದ ಮೇಲೆ ಅಷ್ಟು ನಂಬಿಕೆ. ನಮ್ಮ ಫ್ಯಾಕ್ಟರಿಯಲ್ಲಿ ಅದೇ ಕಾನೂನು. ಬಿಳಿ ಹಾಕಿದರೆ ಎಣಿಸಿ ಆಯಿತು, ಹಳದಿ ಹಾಕಿದರೆ ಮತ್ತೆ ಕೆಲಸ ಮಾಡಬೇಕು, ಕೆಂಪು ಹಾಕಿದ್ದನ್ನು ಯಾರೂ ಮುಟ್ಟುವುದಿಲ್ಲ. ಮೂವತ್ತು ವರ್ಷ ಹಾಗೇ ನಡೆದಿತ್ತು. ಆದರೆ ಆ ಕಾನೂನು ಗೊತ್ತಿದ್ದ ಡಿಸ್‌ಪ್ಯಾಚಿನ ಹಳೆಯ ಜನ ಹೋಗಿ, ಸ್ಕ್ಯಾನರ್ ಹಿಡಿದ ಹೊಸಬರು ಬಂದಿದ್ದರು. ಅವರನ್ನು ತರಿಸಿದ್ದೂ ನಾವೇ, ಹಳಬರು ಸಿಸ್ಟಮ್ ಕೇಳುವುದಿಲ್ಲ ಎಂದು.

ಕೋಡ್ ಬಾರದೆ ಎಂಟೊಂಬತ್ತು ತಿಂಗಳು ಹೀಗೇ ನಡೆಯಿತು. ಒಂದು ದಿನ ಲಾರಿಗೆ ಮಾಲು ಕಮ್ಮಿ ಬಿತ್ತು. ಸಿಸ್ಟಮ್ ಮಾತ್ರ ಪೂರ್ತಿ ಇದೆ ಎನ್ನುತ್ತಿತ್ತು. ಹೊಸಬರು ಹುಡುಕಿದರು. ಮೂಲೆಯಲ್ಲಿ ಕೆಂಪು ಗುರುತಿನ ಟ್ರಾಲಿ ಸಿಕ್ಕಿತು. ಸ್ಕ್ಯಾನ್ ಮಾಡಿದರು, ಓಕೆ ಎಂದು ಬಂತು. ಕಳಿಸುವ ಮುನ್ನ ಎಲ್ಲ ಮಾಲನ್ನೂ ತುಕ್ಕು ಹಿಡಿಯದ ಹಾಗೆ ಎಣ್ಣೆಯ ತೊಟ್ಟಿಯಲ್ಲಿ ಅದ್ದುತ್ತಾರೆ. ಅದ್ದಿದರು. ಸೀಮೆಸುಣ್ಣ ತೊಳೆದುಹೋಯಿತು. ಬಿರುಕು ಬಿಟ್ಟ ಬ್ರಾಕೆಟ್ಟುಗಳು ಒಳ್ಳೆಯವುಗಳ ಜೊತೆ ಮಿರಿಮಿರಿ ಮಿಂಚುತ್ತಾ ಲಾರಿ ಹತ್ತಿದವು.

ಪುಣ್ಯಕ್ಕೆ ಅವು ರಸ್ತೆಗೆ ಇಳಿಯಲಿಲ್ಲ. ತರಿಸಿಕೊಂಡ ಕಂಪನಿಯವರು ಜೋಡಿಸುವಾಗಲೇ ಒಂದು ಒಡೆಯಿತು. ಇಡೀ ಲಾರಿ ಮಾಲು ವಾಪಸ್ಸು ಬಂತು, ಹಿಂದೆಯೇ ಅವರ ನಾಲ್ವರು ದೊಡ್ಡವರು ಬಂದರು. ಮೀಟಿಂಗ್ ರೂಮಿನಲ್ಲಿ ವಿಚಾರಣೆ. ರಾಘವನ್ ಗೋಡೆಯ ಮೇಲಿನ ದೊಡ್ಡ ಪರದೆಗೆ ಸಿಸ್ಟಮ್ ಹಾಕಿಸಿದರು. ಆ ಮಾಲಿನ ಸಾಲು ಬಂತು. ಪರೀಕ್ಷಿಸಿದವರು, ಮಂಜುಳಾ. ಫಲಿತಾಂಶ, ಓಕೆ.

ಅವಳನ್ನು ಕರೆಸಿದರು. ಗೋವಿಂದಪ್ಪ ಕರೆಯದಿದ್ದರೂ ಜೊತೆಗೆ ಬಂದ.

"ಪರೀಕ್ಷೆ ಮಾಡೋನು ನಾನು," ಎಂದ. "ಆವಮ್ಮ ಬರೀ ಬೆರಳಾಡ್ಸೋದು. ಆ ಮಾಲ್ನ ಬಡಿದು, ಸತ್ತೋಗೈತೆ ಅಂತ ಪಕ್ಕಕ್ಕಿಟ್ಟೋನೂ ನಾನೇ."

ರಾಘವನ್ ನನ್ನ ಕಡೆ ತಿರುಗಿ, ಗೋವಿಂದಪ್ಪನ ಲಾಗಿನ್ ತೆಗೆಯಲು ಹೇಳಿದರು. ತೆಗೆದೆ. ಖಾಲಿ. ಸಿಸ್ಟಮ್ ಬಂದಾಗಿನಿಂದ ಗೋವಿಂದಪ್ಪ ಒಂದೇ ಒಂದು ಮಾಲನ್ನೂ ಪರೀಕ್ಷಿಸಿರಲಿಲ್ಲ. ಇಡೀ ಆಯುಷ್ಯ ಅದನ್ನೇ ಮಾಡಿದವನು ಅವನು.

"ನನ್ ಪುಸ್ತಕ ಇದ್ದಿದ್ರೆ ತೋರಿಸ್ತಿದ್ದೆ," ಎಂದು ಅವನು ನನ್ನನ್ನು ನೋಡಿದ. ನಾನು ಕೀಬೋರ್ಡ್ ನೋಡಿದೆ.

ಮಂಜುಳಾ ಎದ್ದು ನಿಂತಳು. "ಕೋಡ್ ಇಲ್ಲ, ಸದ್ಯಕ್ಕೆ ಓಕೆ ಹಾಕು ಅಂತ ಸಾರೇ ಹೇಳಿದ್ರು. ಕೇಳಿ ಸಾರ್, ಇಲ್ಲೇ ಅವ್ರೆ."

ರಾಘವನ್ ನನ್ನನ್ನು ಕೇಳಿದರು. ನಾಲ್ವರು ಹೊರಗಿನವರು ನನ್ನನ್ನೇ ನೋಡುತ್ತಿದ್ದರು. ನನಗೆ ರಿಟೈರ್ ಆಗಲು ಇನ್ನು ಮೂರು ವರ್ಷ ಇತ್ತು. ಹೌದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಹೇಳಿದ್ದು, "ಹಾಗೆ ಹೇಳಿದ ನೆನಪು ನನಗಿಲ್ಲ" ಎಂದು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅವರವರ ಲಾಗಿನ್ ಅವರವರ ಜವಾಬ್ದಾರಿ" ಎಂದೂ ಸೇರಿಸಿದೆ.

ಮಂಜುಳಾ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಕುರ್ಚಿಯನ್ನು ಮೇಜಿನ ಕೆಳಕ್ಕೆ ಸರಿಯಾಗಿ ತಳ್ಳಿ ಹೊರಗೆ ಹೋದಳು. ಪರ್ಮನೆಂಟ್ ಆಗಲು ಅವಳಿಗೆ ಎರಡು ತಿಂಗಳು ಬಾಕಿಯಿತ್ತು. ಕಾಂಟ್ರ್ಯಾಕ್ಟಿನವರನ್ನು ತೆಗೆಯಲು ಕಾಗದವೂ ಬೇಡ. ಮಾರನೇ ದಿನ ಗೇಟಿನಲ್ಲಿ ಅವಳ ಕಾರ್ಡ್ ಒಳಗೆ ಬಿಡಲಿಲ್ಲ, ಅಷ್ಟೇ. ಲಾರಿ ಬ್ರೇಕಿನ ಮಾಲನ್ನು ನೋಡದೆ ಪಾಸು ಮಾಡಿದವಳು ಎಂಬ ಮಾತು ಅವಳಿಗಿಂತ ಮೊದಲೇ ಊರಿನ ಎಲ್ಲ ಕಾಂಟ್ರ್ಯಾಕ್ಟರುಗಳನ್ನೂ ಮುಟ್ಟಿತು. ಯಾವ ಫ್ಯಾಕ್ಟರಿಯೂ ಅವಳನ್ನು ತೆಗೆದುಕೊಳ್ಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಹೇಡಿತನ ಎಂದು ಹೇಳಿ ಮುಗಿಸಬಹುದಿತ್ತು. ಮೂರನೇ ವಾರ ನಾನು ಎಂದಿನಂತೆ ಇನ್‌ಸ್ಪೆಕ್ಷನ್ ವರದಿ ತೆಗೆದೆ. ಸಾಲು ಸಾಲಾಗಿ ಮಂಜುಳಾ, ಮಂಜುಳಾ, ಮಂಜುಳಾ. ಹಿಂದಿನ ದಿನ, ಅದರ ಹಿಂದಿನ ದಿನ, ಅವಳು ಗೇಟಿನಿಂದ ವಾಪಸ್ಸಾದ ದಿನವೂ ಮಂಜುಳಾ ಮಾಲು ಪಾಸು ಮಾಡಿದ್ದಳು. ಕಂಬದ ಮೇಲಿನ ಪಾಸ್‌ವರ್ಡ್ ಹಾಗೇ ಇತ್ತು, ಉಳಿದವರು ಅದನ್ನೇ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಸಿಸ್ಟಮ್‌ನಲ್ಲಿ ಅವಳ ಹೆಸರು ಇರುವುದಕ್ಕೂ ಅವಳಿಗೂ ಸಂಬಂಧವಿಲ್ಲ ಎಂದು ಸಿಸ್ಟಮ್ಮೇ ಬಾಯಿ ಬಿಟ್ಟು ಹೇಳುತ್ತಿತ್ತು. ಆ ಹಾಳೆ ಹಿಡಿದು ರಾಘವನ್ ರೂಮಿಗೆ ಹೋಗಿದ್ದರೆ ಸಾಕಿತ್ತು. ಸಿಸ್ಟಮ್ ಏನು ಹೇಳುತ್ತೆ ಎಂದು ಅವರು ಕೇಳುತ್ತಿದ್ದರು, ನಾನು ಹಾಳೆ ಮುಂದಿಡುತ್ತಿದ್ದೆ. ಹಾಳೆಯನ್ನೇನೋ ಪ್ರಿಂಟ್ ಮಾಡಿದೆ. ಆಮೇಲೆ ಅವಳ ಲಾಗಿನ್ ಮುಚ್ಚಿಸಿ, ಕಂಬದ ಮೇಲಿನ ಸೀಮೆಸುಣ್ಣವನ್ನು ಕರ್ಚೀಫಿನಿಂದ ನಾನೇ ಒರೆಸಿ, ಹಾಳೆಯನ್ನು ಮನೆಗೆ ತಂದು ಬೀರುವಿನಲ್ಲಿ ಇಟ್ಟೆ. ಹರಿದು ಹಾಕಲೂ ಇಲ್ಲ, ಯಾರಿಗೂ ತೋರಿಸಲೂ ಇಲ್ಲ.

ರಿಟೈರ್ ಆದೆ. ಶಾಲು ಹೊದಿಸಿದರು, ಸಿಸ್ಟಮ್ ತಂದ ಮಹಾನುಭಾವ ಎಂದರು. ಮನೆಯಲ್ಲಿ ಕೂತ ಮೇಲೆ ಹಾಳೆ ಕಾಡಲು ಶುರುವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದು ಬೆಳಿಗ್ಗೆ ಗೋವಿಂದಪ್ಪನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಪೂರ್ತಿ ಕೇಳಿದ.

"ನಂಗ್ಯಾಕ್ ಹೇಳ್ತೀಯ? ನಂಗ್ ಗೊತ್ತಿರೋದೇ ತಾನೆ. ಬೇರಿಕೆ ದಾರೀಲಿ ಗುಲಾಬಿ ಹೂವಿನ ಶೆಡ್ ಐತಲ್ಲ, ಅಲ್ ಕೆಲ್ಸ ಮಾಡ್ತಾಳೆ ಆವಮ್ಮ. ಹೋಗಿ ಅಲ್ ಹೇಳ್ಲಾ," ಎಂದ.

ಹೋದೆ. ಉದ್ದನೆಯ ಮೇಜಿನ ಮುಂದೆ ನಿಂತು ಅವಳು ಗುಲಾಬಿ ಕಡ್ಡಿಗಳನ್ನು ಅಳತೆ ನೋಡಿ ವಿಂಗಡಿಸುತ್ತಿದ್ದಳು. ಬೆರಳುಗಳಿಗೆ ಮುಳ್ಳು ತಾಗದಂತೆ ಬಟ್ಟೆ ಸುತ್ತಿಕೊಂಡಿದ್ದಳು. ನನ್ನನ್ನು ಗುರುತಿಸಿ, "ಬನ್ನಿ ಸಾರ್" ಎಂದಳು. ಆ 'ಸಾರ್' ನನಗೆ ಚುಚ್ಚಿತು. ಹಾಳೆ ಕೊಟ್ಟೆ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ಇದು ನಾನ್ ಬಿಟ್ಟ ಮೇಲಿಂದು."

"ಹೂಂ."

"ನಿಮ್ ಕೈಗ್ ಯಾವಾಗ ಸಿಕ್ತು?"

"ನೀನು ಹೋದ ಮೂರನೇ ವಾರ."

"ಆಗ ಏನ್ ಮಾಡಿದ್ರಿ?"

"ನಿನ್ನ ಲಾಗಿನ್ ಮುಚ್ಚಿಸ್ದೆ."

ಅವಳು ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಿಚಿ ನನ್ನ ಕೈಗಿಟ್ಟಳು. "ನಾನ್ ತಪ್ ಮಾಡ್ಲಿಲ್ಲ ಅಂತ ನಂಗ್ ಗೊತ್ತು ಸಾರ್. ನಂಗ್ಯಾಕ್ ತೋರಿಸ್ತೀರಾ? ಗೊತ್ತಿಲ್ದೇ ಇರೋರ್ಗೆ ತೋರ್ಸಿ." ಹೀಗೆ ಹೇಳಿ ಮುಂದಿನ ಹೂವಿನ ಕಟ್ಟಿಗೆ ಕೈ ಹಾಕಿದಳು.

ಫ್ಯಾಕ್ಟರಿಗೂ ಹೋದೆ. ರಾಘವನ್ ಬೇರೆ ಊರಿಗೆ ಹೋಗಿದ್ದರು. ಹೊಸ ಮ್ಯಾನೇಜರ್ ಮರ್ಯಾದೆಯಿಂದ ಕೂರಿಸಿದರು, ಕಥೆ ಕೇಳಿದರು, ಲ್ಯಾಪ್‌ಟಾಪಿನಲ್ಲಿ ಹುಡುಕಿದರು. "ಈ ಹೆಸರಿನವರು ಯಾರೂ ಇಲ್ಲವಲ್ಲ ಸಾರ್. ಹೊಸ ಸಿಸ್ಟಮ್‌ಗೆ ಬದಲಾಯಿಸುವಾಗ ಹಳೇ ದಾಖಲೆ ತರಲಿಲ್ಲ," ಎಂದರು. ನನಗೆ ನೆನಪಾಯಿತು. ಹಳೆಯದು ಬೇಡ ಎಂಬ ಕಾಗದಕ್ಕೆ ಬಿದ್ದ ಸಹಿಗಳಲ್ಲಿ ನನ್ನದೂ ಒಂದು, ರಿಟೈರ್ ಆಗುವ ತಿಂಗಳು ಹಾಕಿದ್ದು. ಹಾಳೆ ಮುಂದಿಟ್ಟೆ. ಅವರು ಮೆಲ್ಲಗೆ ನಕ್ಕು, "ಹಾಳೆಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಪ್ರಿಂಟ್ ಮಾಡಬಹುದಲ್ಲ ಸಾರ್," ಎಂದರು. ಗೋವಿಂದಪ್ಪನಿಗೆ ನಾನು ಹೇಳಿದ್ದ ಮಾತು ಅದು.

ಈ ಕೆಲಸಕ್ಕೆ ಬರುವವರೇ, ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಕೋಡ್ ಪಟ್ಟಿ ಮಾಡುವ ಮುನ್ನ ಸುತ್ತಿಗೆ ಹಿಡಿದವನನ್ನು ಕರೆದು ಕೇಳಿ, ಅಷ್ಟೇ. ಇದನ್ನು ದಾಖಲಿಸಲು ಈಗ ಯಾವ ಸಿಸ್ಟಮ್‌ನಲ್ಲೂ ಜಾಗವಿಲ್ಲ. ಆದ್ದರಿಂದ ಗೋವಿಂದಪ್ಪ ತನ್ನ ಪುಸ್ತಕದಲ್ಲಿ ಬರೆಯುತ್ತಿದ್ದ ಹಾಗೆ ಇಲ್ಲಿ ಬರೆದಿಡುತ್ತೇನೆ.

ಬ್ರಾಕೆಟ್, ಒಂದು ಟ್ರಾಲಿ. ಒಡಕು ಸದ್ದು. ಬಡಿದು ನೋಡಿದವನು ಗೋವಿಂದಪ್ಪ. ಓಕೆ ಹಾಕಬಹುದಾ ಎಂದು ಕೇಳಿದವಳು ಮಂಜುಳಾ. ಹಾಕು ಎಂದವನು ನಾನು. ನೆನಪಿದೆ.